ಮುಟ್ಟಿಲ್ಲದ ಮುತ್ತೈದೆ

ಹೆಬ್ಬಗೋಡಿಯ ಕೃಷ್ಣಮ್ಮನ ವಠಾರದಲ್ಲಿ ಬಾಡಿಗೆಗಿದ್ದ ಹೆಂಗಸರೆಲ್ಲ ದೇವಕ್ಕನನ್ನು ಕಂಡರೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ದೇವಕ್ಕ ಅಂಥ ದೊಡ್ಡ ಮನುಷ್ಯಳೇನಲ್ಲ. ಸುರಪುರದ ಕಡೆಯಿಂದ ಗಂಡ ಯಮನಪ್ಪನ ಹಿಂದೆ ಗಂಟು ಹೊತ್ತುಕೊಂಡು ಬಂದವಳು. ಯಮನಪ್ಪ ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಲಾರಿಗೆ ಪೆಟ್ಟಿಗೆ ತುಂಬುತ್ತಿದ್ದ. ದೇವಕ್ಕನಿಗೆ ವಯಸ್ಸು ಮೂವತ್ತೈದು ದಾಟಿರಲಿಲ್ಲ, ನೋಡಿದವರು ಐವತ್ತು ಅನ್ನುತ್ತಿದ್ದರು. ಬಿಳಿಚಿದ ಮುಖ, ಅರ್ಧಕ್ಕೇ ಮುಗಿದುಹೋದ ಹುಬ್ಬು, ಏಪ್ರಿಲ್ ಸೆಕೆಯಲ್ಲೂ ಸೀರೆಯ ಮೇಲೆ ಗಂಡನ ಹಳೇ ಸ್ವೆಟರು. ಅವಳ ದೊಡ್ಡಸ್ತಿಕೆಯೆಲ್ಲ ಇದ್ದದ್ದು ಒಂದೇ ಸಂಗತಿಯಲ್ಲಿ: ಕೊರಳಲ್ಲಿ ತಾಳಿ ಇತ್ತು, ಗಂಡ ಗಟ್ಟಿಯಾಗಿದ್ದ, ಆದರೂ ಅವಳು ಮುಟ್ಟಾಗುತ್ತಿರಲಿಲ್ಲ.

ಇನ್ನೊಬ್ಬರ ಮುಟ್ಟಿನ ಉಸಾಬರಿ ಮನೆಯ ಯಜಮಾನಿಗೆ ಯಾಕೆ ಅಂತ ನೀವು ಕೇಳಬಹುದು. ವಠಾರದ ಅಂಗಳದಲ್ಲಿ ಕೃಷ್ಣಮ್ಮನ ಮನೆತನದ ದೇವತೆ ಕೋಡಿಯಮ್ಮನ ಗುಡಿ ಇತ್ತು. ಹಿಂದೆ ಕೆರೆಯ ಕೋಡಿಯ ಮೇಲಿದ್ದ ದೇವಿ. ಕೆರೆ ಹೋಗಿ ಅಪಾರ್ಟ್‌ಮೆಂಟು ಎದ್ದಾಗ ಆ ಕಲ್ಲನ್ನು ತಂದು ಇಲ್ಲಿ ನಿಲ್ಲಿಸಿದ್ದರು. ಶುಕ್ರವಾರ ಶುಕ್ರವಾರ ಒಬ್ಬ ಮುತ್ತೈದೆ ಖಾಲಿ ಹೊಟ್ಟೆಯಲ್ಲಿ, ಮಡಿಯಲ್ಲಿ, ಅನ್ನ ತೊವ್ವೆ ಮಾಡಿ ಅಮ್ಮನಿಗೆ ಎಡೆ ಇಡಬೇಕು. ಒಂದು ಶುಕ್ರವಾರವೂ ತಪ್ಪಬಾರದು. ಮನೆ ತುಂಬ ಸೊಸೆಯಂದಿರಿದ್ದ ಕಾಲದಲ್ಲಿ ಒಬ್ಬಳು ಹೊರಗಾದರೆ ಇನ್ನೊಬ್ಬಳು ಮಾಡುತ್ತಿದ್ದಳು. ಈಗ ಇರುವವಳು ಒಬ್ಬಳೇ ಸೊಸೆ ಕೃಪಾ, ಅವಳು ಎಲೆಕ್ಟ್ರಾನಿಕ್ ಸಿಟಿಯ ಆಫೀಸಿನಲ್ಲಿ. 'ಶುಕ್ರವಾರ ನಂಗೆ ರಿವ್ಯೂ ಇರುತ್ತೆ ಅತ್ತೆ' ಅಂದುಬಿಟ್ಟಿದ್ದಳು. ಕೃಷ್ಣಮ್ಮನೇ ಮಾಡೋಣ ಅಂದರೆ ಗಂಡ ಆವಲಪ್ಪ ತೀರಿಕೊಂಡು ಆಕೆ ಮುತ್ತೈದೆತನ ಕಳೆದುಕೊಂಡಿದ್ದಳು. ಮುಟ್ಟು ನಿಂತ ವಯಸ್ಸಿಗೆ ಹೆಂಗಸರಿಗೆ ಗಂಡ ಇರುವುದಿಲ್ಲ, ಗಂಡ ಇರುವ ವಯಸ್ಸಿಗೆ ಮುಟ್ಟು ನಿಂತಿರುವುದಿಲ್ಲ. ಎರಡೂ ಕೂಡಿಬಂದವಳು ಸಿಕ್ಕಿದರೆ ಬಿಡುವುದುಂಟೆ?

ಬಾಡಿಗೆದಾರರಲ್ಲಿ ಯಾರು ಯಾವಾಗ ತಲೆಗೆ ನೀರು ಹಾಕಿಕೊಂಡರು ಅನ್ನುವುದು ಕೃಷ್ಣಮ್ಮನ ಕಣ್ಣಿಗೆ ಬೀಳದೇ ಇರುವ ಸಂಗತಿಯಲ್ಲ. ಒಂದು ದಿನ ದೇವಕ್ಕನನ್ನು ಕರೆದು ಕೇಳಿಯೇಬಿಟ್ಟಳು. ದೇವಕ್ಕ ನೆಲ ನೋಡುತ್ತ ಹೇಳಿದಳು. ಊರಲ್ಲಿ ಮಗಳು ಹುಟ್ಟಿದಾಗ ರಕ್ತ ನಿಲ್ಲಲೇ ಇಲ್ಲ. ಕೆಳಗೆ ಹಾಸಿದ್ದ ಗೋಣಿ ಪೂರ್ತಿ ತೊಯ್ದು ಹೋಗಿತ್ತು. ಅವಳು ಉಳಿದಳು, ಆದರೆ ಎದೆಯಲ್ಲಿ ಹಾಲು ಇಳಿಯಲಿಲ್ಲ. ಆಮೇಲೆ ಮುಟ್ಟೂ ಬರಲಿಲ್ಲ. ಅತ್ತೆ ಓಣಿಗೆಲ್ಲ ಕೇಳುವ ಹಾಗೆ 'ಕಲ್ಲೆದಿಯಾಕಿ' ಅಂದಳು. ಅದೇ ತಿಂಗಳು ಹೆತ್ತಿದ್ದ ಓರಗಿತ್ತಿಯ ಮಡಿಲಿಗೆ ಕೂಸನ್ನು ಹಾಕಿದರು. ಹಾಲು ಕುಡಿದ ಕಡೆಯೇ ಕೂಸು ಬೆಳೆಯಿತು. ಈಗ ಒಂಬತ್ತು ವರ್ಷದ ಆ ಹುಡುಗಿ ದೇವಕ್ಕನನ್ನು 'ಬೆಂಗಳೂರ ಚಿಗವ್ವ' ಅನ್ನುತ್ತಿತ್ತು.

ಕೃಷ್ಣಮ್ಮ ಎಲ್ಲ ಕೇಳಿ ಅವಳ ಎರಡೂ ಕೈ ಹಿಡಿದುಕೊಂಡಳು. "ಅಳಬ್ಯಾಡ ಕಣವ್ವ. ಅಮ್ಮ ನಿನ್ನ ಆರಿಸ್ಕೊಂಡವ್ಳೆ. ಅದಕ್ಕೇ ಇಂಗೆ ಮಾಡವ್ಳೆ."

ತನ್ನ ಮೈಗೆ ಆದದ್ದನ್ನು ಒಳ್ಳೆಯದು ಅಂತ ಹೇಳಿದ ಮೊದಲ ಜೀವ ಅದು. ದೇವಕ್ಕ ಅಂದು ಅತ್ತದ್ದು ಸಂತೋಷಕ್ಕೆ. ಗುಡಿಗೆ ಒತ್ತಿಕೊಂಡಿದ್ದ ಕೋಣೆ ಗಂಡಹೆಂಡಿರಿಗೆ ಸಿಕ್ಕಿತು, ಬಾಡಿಗೆಯ ಮಾತೇ ಇಲ್ಲ. ಜ್ವರ ಬಂದ ಮಕ್ಕಳನ್ನು ತಂದು ಅವಳ ಕೈಯಲ್ಲಿ ಕುಂಕುಮ ಇಡಿಸಿಕೊಂಡು ಹೋಗುವವರಾದರು. ಶುಕ್ರವಾರ ಎಡೆ ಇಡುವ ಹೊತ್ತಿಗೆ ಕಣ್ಣು ಕತ್ತಲೆಗಟ್ಟಿ ಗುಡಿಯ ಗೋಡೆ ಹಿಡಿದುಕೊಳ್ಳುತ್ತಿದ್ದಳು. ಅದನ್ನೂ ಭಕ್ತಿ ಅಂದರು. ಅವಳೂ ಹಾಗೇ ಅಂದುಕೊಂಡಳು.

ಹೀಗಿರುವಾಗ ಏಪ್ರಿಲ್ಲಿನಲ್ಲಿ ಮಂಜುಶ್ರೀ ಬಂದಳು. ಬೇಗೂರಿನ ಹುಡುಗಿ, ಕೊರಳಲ್ಲಿ ಮೆಡಿಕಲ್ ಕಾಲೇಜಿನ ಗುರುತಿನ ಚೀಟಿ. ಗೇಟಿನ ಹತ್ತಿರವೇ ನಿಂತು ಕೃಷ್ಣಮ್ಮನಿಗೆ ವಿವರಿಸಿದಳು.

"ಅಮ್ಮ, ಹೆರಿಗೇಲಿ ತುಂಬಾ ರಕ್ತ ಹೋಗಿ, ಆಮೇಲೆ ಎದೆಹಾಲು ಬರದೆ, ಮುಟ್ಟೂ ನಿಂತೋಗಿರೋರು ಯಾರಾದ್ರೂ ಇದ್ದಾರಾ ಇಲ್ಲಿ? ಯಾವಾಗ್ಲೂ ಚಳಿ, ಸುಸ್ತು, ಹುಬ್ಬು ಉದುರೋದು, ಹಂಗೇನಾದ್ರೂ? ಮೆದುಳಿನ ಕೆಳಗೆ ಕಡಲೆಕಾಳಷ್ಟು ಒಂದು ಗ್ರಂಥಿ ಇರುತ್ತೆ. ಪಿಟ್ಯುಟರಿ ಅಂತ. ಹೆರಿಗೇಲಿ ರಕ್ತ ಜಾಸ್ತಿ ಹೋದ್ರೆ ಕೆಲವ್ರಲ್ಲಿ ಅದು ಸತ್ತೋಗುತ್ತೆ. ಅಪರೂಪದ ಕಾಯಿಲೆ ಅಂತಾರೆ. ಎಷ್ಟು ಅಪರೂಪ ಅಂತ ಈ ಕಡೆ ಯಾರೂ ಮನೆಮನೆಗೆ ಹೋಗಿ ಕೇಳಿಲ್ಲ. ಅದಕ್ಕೇ ನಾವು ಕೇಳ್ತಾ ಇದೀವಿ."

ಕೃಷ್ಣಮ್ಮ ಗುಡಿಯ ಕಡೆ ತಿರುಗಿಯೂ ನೋಡಲಿಲ್ಲ. "ನಮ್ ವಠಾರ್ದಾಗೆ ಅಂತೋರ್ಯಾರೂ ಇಲ್ಲ ಕಣಮ್ಮ. ಎಲ್ಲಾ ಗಟ್ಟಿಮುಟ್ಟಾಗವ್ರೆ."

ಹತ್ತು ಹೆಜ್ಜೆ ಆಚೆ ಬಿಂದಿಗೆ ಹಿಡಿದು ನಿಂತಿದ್ದ ದೇವಕ್ಕ ಸೆರಗನ್ನು ಸ್ವೆಟರಿನ ಮೇಲೆ ಎಳೆದುಕೊಂಡಳು. ಮಂಜುಶ್ರೀಯ ಕಣ್ಣು ಒಂದು ಗಳಿಗೆ ಅವಳ ಸ್ವೆಟರಿನ ಮೇಲೆ ನಿಂತಿತು. "ಬುಧವಾರ ಮೂಲೆ ಅಂಗನವಾಡೀಲಿ ಇರ್ತೀನಿ. ಯಾರಾದ್ರೂ ನೆನಪಾದ್ರೆ ಕಳಿಸಿ" ಅಂತ ಹೇಳಿ ಮುಂದಿನ ಗೇಟಿಗೆ ಹೋದಳು.

ದೇವಕ್ಕನಿಗೆ ಬಂದದ್ದು ಸಿಟ್ಟು. ಇಷ್ಟು ವರ್ಷ ತನ್ನೊಬ್ಬಳದೇ ಅಂದುಕೊಂಡಿದ್ದನ್ನೆಲ್ಲ ಆ ಹುಡುಗಿ ಬೀದಿಯಲ್ಲಿ ಸೊಪ್ಪಿನ ಹೆಸರು ಕೂಗಿದ ಹಾಗೆ ಒಂದೊಂದಾಗಿ ಕೂಗಿಬಿಟ್ಟಿದ್ದಳು. ದೇವಿ ಆರಿಸಿಕೊಂಡರೆ ಒಬ್ಬಳನ್ನು ಆರಿಸಿಕೊಳ್ಳುತ್ತಾಳೆ. ಮನೆಮನೆಯಲ್ಲೂ ಸಿಗುವಂಥದ್ದಾದರೆ ಅದು ಆರಿಸಿಕೊಂಡದ್ದು ಹೇಗಾಗುತ್ತದೆ? ಬುಧವಾರ ಅವಳು ಅಂಗನವಾಡಿಗೆ ಹೋದದ್ದು, ನಿಮ್ಮ ರೋಗ ಬೇರೆ ನನ್ನದು ಬೇರೆ ಅಂತ ಆ ಹುಡುಗಿಗೆ ಮುಖಕ್ಕೆ ಹೇಳಿ ಬರುವುದಕ್ಕೆ.

ಅಂಗನವಾಡಿಯ ಬೆಂಚಿನ ಮೇಲೆ ಇಬ್ಬರು ಹೆಂಗಸರು ಕುಳಿತಿದ್ದರು. ಒಬ್ಬಳು ಐಟಿ ಪಾರ್ಕಿನಲ್ಲಿ ಕಸ ಗುಡಿಸುವವಳು, ಕಲಬುರಗಿ ಕಡೆಯವಳು. ಇನ್ನೊಬ್ಬಾಕೆ ಚಂದಾಪುರದ ಜಮೀನುದಾರರ ಮನೆಯವಳು, ಕೈತುಂಬ ಬಂಗಾರದ ಬಳೆ. ಸುಡುವ ಬಿಸಿಲಿನಲ್ಲಿ ಇಬ್ಬರೂ ಸ್ವೆಟರು ಹಾಕಿಕೊಂಡಿದ್ದರು. ದೇವಕ್ಕ ಮೂರನೆಯವಳಾಗಿ ಕುಳಿತಳು. ಮೂವರೂ ಒಬ್ಬರ ಹುಬ್ಬನ್ನು ಒಬ್ಬರು ಕದ್ದು ನೋಡಿದರು.

"ಹಾಲು?" ಅಂತ ಬಂಗಾರದ ಬಳೆಯವಳು ಮೆಲ್ಲಗೆ ಕೇಳಿದಳು.

"ಬರಲಿಲ್ರಿ" ಅಂದಳು ದೇವಕ್ಕ.

"ನಂಗೂ."

ಹೇಳಬೇಕು ಅಂತ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ದೇವಕ್ಕನ ಬಾಯಲ್ಲೇ ಉಳಿಯಿತು. ಅಂದು ಪರೀಕ್ಷೆಗೆ ರಕ್ತ ಕೊಟ್ಟಳು. ಮುಂದಿನ ವಾರ ಮಂಜುಶ್ರೀಯೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ತಲೆಯ ಫೋಟೊ ತೆಗೆದರು, ವಯಸ್ಸಾದ ಡಾಕ್ಟರೊಬ್ಬರು ನೋಡಿದರು. ಗ್ರಂಥಿ ಇರಬೇಕಾದ ಜಾಗ ಬರಿದಾಗಿತ್ತು. ಅವರು ಮೂರು ಬಗೆಯ ಮಾತ್ರೆ ಬರೆದುಕೊಟ್ಟರು. ಮೊದಲನೆಯದನ್ನು ಬೆಳಿಗ್ಗೆ ಏನಾದರೂ ತಿಂದು ನುಂಗಬೇಕು, ಸಾಯುವ ತನಕ ಬಿಡುವಂತಿಲ್ಲ. ಎರಡನೆಯದು ಚಳಿಗೆ, ಸುಸ್ತಿಗೆ. ಮೂರನೆಯದು ಮೂಳೆಗೆ ಬಲ ಕೊಡುತ್ತದೆ, ಅದರಿಂದ ಮುಟ್ಟೂ ಬರುತ್ತದೆ.

"ಉಪವಾಸ ಮಾತ್ರ ಮಾಡಬೇಡಿ" ಅಂದರು ಡಾಕ್ಟರು. "ಬೆವರು, ನಡುಕ, ಮಾತು ತೊದಲೋದು, ಇವು ಬಂದ್ರೆ ಕೂಡಲೇ ಬೆಲ್ಲವೋ ಸಕ್ಕರೆಯೋ ಬಾಯಿಗೆ ಹಾಕ್ಕೊಂಡು ಆಸ್ಪತ್ರೆಗೆ ಬರ್ಬೇಕು. ತಡ ಮಾಡಿದ್ರೆ ಜೀವ ಹೋಗುತ್ತೆ."

ಹೊರಗೆ ಬಂದ ಮೇಲೆ ದೇವಕ್ಕ ಮಂಜುಶ್ರೀಯನ್ನು ಕೇಳಿದಳು. "ನನ್ನಂಥಾರು ಎಷ್ಟ್ ಮಂದಿ ಅದಾರ್ರಿ ಇಲ್ಲಿ?"

"ಇನ್ನೂ ಎಣಿಸ್ತಾ ಇದೀವಿ ಅಕ್ಕ. ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಇದ್ದಾರೆ. ಯಾರೂ ಬಾಯಿಬಿಡಲ್ಲ, ಅದೇ ಕಷ್ಟ. ಕೆಲವ್ರಿಗೆ ನಾಚಿಕೆ, ಕೆಲವ್ರಿಗೆ ಅತ್ತೆ ಭಯ. ನಿಮಗೇನು?"

ದೇವಕ್ಕ ಮಾತ್ರೆಯ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿದಳು. ನನಗೆ ನಾಚಿಕೆಯೂ ಅಲ್ಲ, ಭಯವೂ ಅಲ್ಲ, ನನಗೆ ಮರ್ಯಾದೆ ಸಿಕ್ಕಿದೆ ಅಂತ ಹೇಳುವುದು ಹೇಗೆ?

ಮೊದಲ ಎರಡು ಮಾತ್ರೆ ನುಂಗತೊಡಗಿದ ಮೇಲೆ ಅವಳ ಮೈ ಬೆಚ್ಚಗಾಯಿತು. ಹಸಿವು ಅಂದರೆ ಏನು ಅಂತ ನೆನಪಾಯಿತು. ಸ್ವೆಟರು ಗೂಟದಲ್ಲಿ ತೂಗುಬಿತ್ತು. ಆದರೆ ಶುಕ್ರವಾರಗಳು ನರಕವಾದವು. ನಸುಕಿನಲ್ಲಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಕುರುಕುರು ಸದ್ದಾಗದ ಹಾಗೆ ಚುರುಮುರಿಯನ್ನು ನೀರಲ್ಲಿ ನೆನೆಸಿ ತಿಂದು, ಮಾತ್ರೆ ನುಂಗಿ, ಮೈಮೇಲೆ ನೀರು ಸುರಿದುಕೊಂಡು, ಉಪವಾಸದವಳ ಮುಖ ಮಾಡಿಕೊಂಡು ಗುಡಿಗೆ ಬರುತ್ತಿದ್ದಳು. ತಪ್ಪು ನನ್ನದು, ಏನು ಮಾಡುವುದಿದ್ದರೂ ನನಗೇ ಮಾಡು, ಕೃಷ್ಣಮ್ಮನ ಮನೆಗೆ ಮಾಡಬೇಡ ಅಂತ ಕಲ್ಲಿನ ಮುಂದೆ ಬೇಡಿಕೊಳ್ಳುತ್ತಿದ್ದಳು. ಏನೂ ಆಗುತ್ತಿರಲಿಲ್ಲ. ಏನೂ ಆಗದಿರುವುದೇ ಅವಳನ್ನು ಹೆಚ್ಚು ಕಾಡಿತು. ಕೃಷ್ಣಮ್ಮನಂತೂ ಅವಳ ಮುಖ ನೋಡಿ 'ಅಮ್ಮನ ಕಳೆ ಬತ್ತಾ ಅದೆ' ಅಂತ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದಳು. ಮೂರನೆಯ ಮಾತ್ರೆಯ ಪಟ್ಟಿ ಒಡೆಯದೆ ಹಾಗೇ ಇತ್ತು.

ಯಮನಪ್ಪನಿಗೆ ಇದೆಲ್ಲ ತಲೆಗೆ ಹೋಗುತ್ತಿರಲಿಲ್ಲ. "ಮೂರೂ ನುಂಗು. ಗುಡಿ ಹೋದ್ರ ಹೋಗಲಿ, ಬ್ಯಾರೆ ಖೋಲಿ ಹುಡುಕೋಣು" ಅನ್ನುತ್ತಿದ್ದ.

"ಬ್ಯಾರೆ ಖೋಲಿ ಸಿಗ್ತದ. ನನ್ನ ಕಾಲು ಮುಟ್ಟೋ ಮಂದಿ ಎಲ್ಲಿ ಸಿಗ್ತಾರ?" ಅಂದಳು ದೇವಕ್ಕ.

ವಠಾರದ ಕೊನೆಯ ಕೋಣೆಯಲ್ಲಿ ರೇವಣಸಿದ್ದ ಅನ್ನುವ ಹುಡುಗನಿದ್ದ, ಯಾದಗಿರಿ ಕಡೆಯವನು, ಯಮನಪ್ಪನ ಕಾರ್ಖಾನೆಯಲ್ಲೇ ಕೆಲಸ. ಬಾಣಂತನಕ್ಕೆ ತವರಿಗೆ ಹೋಗಿದ್ದ ಅವನ ಹೆಂಡತಿ ಶೈಲಶ್ರೀ ಜೂನಿನಲ್ಲಿ ಎಂಟು ತಿಂಗಳ ಕೂಸಿನೊಂದಿಗೆ ವಾಪಸು ಬಂದಳು. ಹೋಗುವಾಗ ವಠಾರವೆಲ್ಲ ಕೇಳುವ ಹಾಗೆ ನಗುತ್ತಿದ್ದ ಹುಡುಗಿ. ಬಂದವಳು ಗೋಡೆಗೆ ಒರಗಿ ಕುಳಿತರೆ ಏಳುತ್ತಿರಲಿಲ್ಲ. ಕೂಸಿಗೆ ಡಬ್ಬಿಯ ಹಾಲು. ಹೆರಿಗೆಯಲ್ಲಿ ರಕ್ತ ಹೋಗಿ ಮೂರು ಬಾಟಲಿ ಏರಿಸಿದ್ದರಂತೆ ಅಂತ ನಲ್ಲಿಯ ಹತ್ತಿರ ಯಾರೋ ಹೇಳಿದ್ದು ದೇವಕ್ಕನ ಕಿವಿಗೆ ಬಿತ್ತು. ಹೇಳಬೇಕು ಅಂತ ಎರಡು ಸಲ ಆ ಕೋಣೆಯ ತನಕ ಹೋದಳು. ನಿನಗೆ ಹೇಗೆ ಗೊತ್ತು ಅಂತ ಅವಳು ಕೇಳಿದರೆ? ಎರಡು ಸಲವೂ ಕೂಸಿನ ಕೆನ್ನೆ ಸವರಿ ವಾಪಸು ಬಂದಳು. ನಾಳೆ ಹೇಳಿದರಾಯಿತು ಅಂದುಕೊಂಡಳು. ಈ ನಾಳೆ ಅನ್ನುವುದು ಎಂಥೆಂಥವರನ್ನು ಹಾಳುಮಾಡಿದೆಯೋ.

ಕೃಷ್ಣಮ್ಮ ನಾಳೆಗೆ ಕಾಯುವವಳಲ್ಲ. ಗುರುವಾರ ಸಂಜೆ ಹಲ್ಲು ಬಿಟ್ಟುಕೊಂಡು ಬಂದಳು.

"ದೇವಕ್ಕ, ಆ ಶೈಲಂಗೂ ನಿನ್ನಂಗೇ ಆಗೈತಂತೆ ಕಣೆ. ಹಾಲಿಲ್ಲ, ಮುಟ್ಟಿಲ್ಲ. ಅಮ್ಮ ಇನ್ನೊಬ್ಬಳ್ನ ಆರಿಸವ್ಳೆ. ನಾಳೆ ಅವಳ ಕೈಲೂ ಕಳಸ ಇಡ್ಸಾನ. ಇವತ್ ರಾತ್ರಿಯಿಂದ್ಲೇ ಏನೂ ತಿನ್ಬ್ಯಾಡ ಅಂತ ಯೋಳಿವ್ನಿ."

"ಬ್ಯಾಡ್ರಿ ಅಮ್ಮ, ಹಸಿ ಮೈಯಿನಾಕಿ" ಅಂದಳು ದೇವಕ್ಕ.

"ಅಸಿ ಮೈ ಏನು, ಎಂಟ್ ತಿಂಗ್ಳಾತು. ನಿಂಗೆ ಒಟ್ಟೆಕಿಚ್ಚಾ?" ಕೃಷ್ಣಮ್ಮ ನಗುತ್ತಲೇ ಕೇಳಿದಳು. ದೇವಕ್ಕ ಮೊರ ಎತ್ತಿಕೊಂಡು ನಾಳೆಯ ಅಕ್ಕಿ ಕೇರತೊಡಗಿದಳು. ಹೊಟ್ಟೆಕಿಚ್ಚೂ ಸ್ವಲ್ಪ ಇತ್ತು, ಸುಳ್ಳು ಯಾಕೆ ಹೇಳಬೇಕು.

ಶುಕ್ರವಾರ ಬೆಳಿಗ್ಗೆ ವಠಾರದ ಹೆಂಗಸರೆಲ್ಲ ಅಂಗಳದಲ್ಲಿ ಸೇರಿದರು. ಶೈಲಶ್ರೀಯನ್ನು ತಣ್ಣೀರಲ್ಲಿ ಮೀಯಿಸಿ, ಒದ್ದೆ ಸೀರೆಯಲ್ಲೇ ಗುಡಿಯ ಮುಂದೆ ಕೂರಿಸಿದ್ದರು. ದೇವಕ್ಕ ಒಳಗೆ ಅನ್ನ ಬಸಿಯುತ್ತಿದ್ದಳು. ಅವಳ ಹೊಟ್ಟೆಯಲ್ಲಿ ಚುರುಮುರಿ ಇತ್ತು, ಮಾತ್ರೆ ಇತ್ತು, ಕೈ ನಡುಗುತ್ತಿರಲಿಲ್ಲ. ಹೊರಗೆ ಶೈಲಶ್ರೀಯ ತುಟಿಯ ಮೇಲೆ ಬೆವರು ಮೂಡಿತು. ಕೈಯಲ್ಲಿದ್ದ ಕಳಸ ಗಡಗಡ ಅಲುಗಿ ನೀರು ಚೆಲ್ಲಿತು. ಅವಳು ಏನೋ ಹೇಳಲು ಹೋದಳು, ನಾಲಿಗೆ ತೊದಲಿತು, ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು.

"ಬಂದ್ಲು, ಅಮ್ಮ ಬಂದ್ಲು" ಅಂದಳು ಕೃಷ್ಣಮ್ಮ, ಕೈ ಮುಗಿದು. "ನಮ್ ನಾಗವೇಣಿ ಮೈಮ್ಯಾಲೂ ಇಂಗೇ ಬಂದಿದ್ಲು. ಯಾರೂ ಮುಟ್ಬ್ಯಾಡಿ. ಆರತಿ ತನ್ನಿ."

ನಾಗವೇಣಿ ಅಂದರೆ ಕೃಷ್ಣಮ್ಮನ ಹಿರಿಯ ಮಗಳು, ಎಂದೋ ತೀರಿಹೋದವಳು. ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದು ನಿಂತರು. ಯಾರೋ ಕರ್ಪೂರ ಹಚ್ಚಿದರು. ಶೈಲಶ್ರೀ ಮೆಲ್ಲಗೆ ಪಕ್ಕಕ್ಕೆ ವಾಲತೊಡಗಿದಳು.

ದೇವಕ್ಕ ಗುಡಿಯ ಹೊಸ್ತಿಲಲ್ಲಿ ನಿಂತು ನೋಡಿದಳು. ಸುಮ್ಮನೆ ನಿಂತರೆ ಸಾಕಿತ್ತು. ಆ ಹುಡುಗಿ ಸತ್ತರೂ ದೇವಿಯ ಪಾದ ಸೇರಿದಳು ಅನ್ನುತ್ತಿದ್ದರು, ದೇವಕ್ಕ ದೇವಕ್ಕನಾಗೇ ಇರುತ್ತಿದ್ದಳು. ಅವಳಿಗೆ ಅದು ಚೆನ್ನಾಗಿ ಹೊಳೆದಿತ್ತು. ಹೊಳೆದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆ ಬಂತು. ಎಡೆಗೆಂದು ಇಟ್ಟಿದ್ದ ಬೆಲ್ಲದ ಅಚ್ಚನ್ನು ಎತ್ತಿಕೊಂಡಳು. ಕೋಡಿಯಮ್ಮನಿಗೆ ತೋರಿಸದ, ಯಾರೂ ಮುಟ್ಟಬಾರದ ಬೆಲ್ಲ. ಅದನ್ನು ಕಲ್ಲಿನ ಮುಂದೆಯೇ ಕುಟ್ಟಿ, ಪುಡಿ ಮಾಡಿ, ಹೊರಗೆ ಬಂದು ಶೈಲಶ್ರೀಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೆನ್ನೆಯ ಒಳಗೆ ಸವರತೊಡಗಿದಳು.

"ದೇವಕ್ಕ" ಅಂದಳು ಕೃಷ್ಣಮ್ಮ. ದನಿ ಏರಿರಲಿಲ್ಲ. "ಎಡೆ ಮುಟ್ಟಿದ್ಯಲ್ಲೆ."

"ಮುಟ್ಟೀನ್ರಿ. ಇದು ದೇವರು ಬಂದದ್ದಲ್ಲ. ಹೊಟ್ಯಾಗ ಕೂಳಿಲ್ಲ ಈಕಿಗೆ." ದೇವಕ್ಕ ತಲೆ ಎತ್ತದೆ ಬೆರಳಾಡಿಸುತ್ತಲೇ ಇದ್ದಳು. "ಆ ದವಾಖಾನಿ ಹುಡುಗಿ ಹುಡುಕ್ಕೋತ ಬಂದಿದ್ದು ನನ್ನಂಥಾಕೀನ. ಈಕೀನೂ ಅಂಥಾಕಿನ. ನಂದು ವರ ಅಲ್ರಿ, ರೋಗ ಅದ. ಗುಳಿಗಿ ನುಂಗಾಕತ್ತೀನಿ. ಎರಡು ತಿಂಗಳಾತು, ಪ್ರತಿ ಶುಕ್ರವಾರ ಉಂಡು ಬಂದು ನಿಮ್ಮ ಎಡಿ ಇಟ್ಟೀನಿ."

ಕರ್ಪೂರ ಉರಿದು ಆರಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಳೆದ ವಾರ ತಾನೆ ಮಗುವಿಗೆ ಕುಂಕುಮ ಇಡಿಸಿಕೊಂಡು ಹೋಗಿದ್ದವಳು ಸೆರಗಿನಿಂದ ಮಗುವಿನ ಹಣೆ ಒರೆಸಿದಳು. ಅದನ್ನು ದೇವಕ್ಕ ನೋಡಿದಳು, ಮತ್ತು ಅದು ಅವಳಿಗೆ ನೆಟ್ಟಗೆ ಎದೆಗೇ ತಾಗಿತು. ಆದರೂ ಬೆರಳು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿಗೆ ಶೈಲಶ್ರೀ ಬೆಲ್ಲ ಚಪ್ಪರಿಸಿದಳು.

ಆಟೋ ಬಂತು. ರೇವಣಸಿದ್ದನಿಗೆ ಫೋನು ಹೋಯಿತು. ಕೂಸನ್ನು ಪಕ್ಕದವರಿಗೆ ಕೊಟ್ಟು ದೇವಕ್ಕನೇ ಜೊತೆಗೆ ಹೋದಳು. ಆಸ್ಪತ್ರೆಯಲ್ಲಿ ಮಂಜುಶ್ರೀ ಓಡಾಡಿ ಡಾಕ್ಟರನ್ನು ಕರೆಸಿದಳು. ಡ್ರಿಪ್ಪು ಹಾಕಿದರು, ಸೂಜಿ ಚುಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಹುಡುಗಿ ಕಣ್ಣು ಬಿಟ್ಟು ಕೂಸೆಲ್ಲಿ ಅಂದಳು. ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು.

ಸಂಜೆ ದೇವಕ್ಕ ವಠಾರಕ್ಕೆ ಬಂದದ್ದು ಗಂಟುಮೂಟೆ ಕಟ್ಟಲು. ಕೃಷ್ಣಮ್ಮ ಗುಡಿಯ ಮೆಟ್ಟಿಲ ಮೇಲೆ ಒಬ್ಬಳೇ ಕುಳಿತಿದ್ದಳು. ಬೆಳಗಿನ ಅನ್ನ ತೊವ್ವೆ ತಣ್ಣಗಾಗಿ ಹಾಗೇ ಬಿದ್ದಿತ್ತು, ಎಡೆ ಇಟ್ಟಿರಲಿಲ್ಲ. ದೇವಕ್ಕ ಸೊಂಟದಿಂದ ಗುಡಿಯ ಬೀಗದ ಕೈ ಬಿಚ್ಚಿ ಅವಳ ಪಕ್ಕದಲ್ಲಿಟ್ಟಳು. ಕೃಷ್ಣಮ್ಮ ಅದನ್ನು ತೆಗೆದುಕೊಳ್ಳಲಿಲ್ಲ.

"ಉಡುಗಿ ಎಂಗವ್ಳೆ?"

"ಉಳದಾಳ್ರಿ."

"ಬೆಲ್ಲಕ್ಕೇ ಉಳಿದ್ಲಾ?"

"ಮೊದಲಿಗೆ ಬೆಲ್ಲಕ್ಕ. ಆಮ್ಯಾಲೆ ಸೂಜಿಗೆ."

ಕೃಷ್ಣಮ್ಮ ತಣ್ಣಗಾದ ಅನ್ನದ ಮೇಲೆ ಕೂತ ನೊಣ ಓಡಿಸಿದಳು. ಆಮೇಲೆ ದೇವಿಗೂ ಕೇಳಿಸಬಾರದು ಅನ್ನುವ ಹಾಗೆ ದನಿ ತಗ್ಗಿಸಿ ಹೇಳಿದಳು. "ನಾಗವೇಣಿಗೂ ಆಲು ಬಂದಿರ್ಲಿಲ್ಲ. ಕಂಬ್ಳಿ ಒದ್ಕೊಂಡೇ ಇರೋಳು. ನಾವೂ ಅಮ್ಮ ಆರಿಸ್ಕೊಂಡ್ಲು ಅಂದ್ವಿ, ಎಡೆ ಇಡಾಕೆ ಕೂರಿಸಿದ್ವಿ. ಇಲ್ಲೇ, ಇದೇ ಜಾಗ್ದಾಗೆ ಮೈಮ್ಯಾಲೆ ಬಂತು. ಆರತಿ ಎತ್ತಿದ್ವಿ. ಎದ್ದೇಳ್ಲಿಲ್ಲ. ಅಮ್ಮ ಕರ್ಕೊಂಡ್ಲು ಅಂತ ಊರೆಲ್ಲ ಕೈ ಮುಗೀತು. ನಾನೂ ಮುಗಿದೆ." ಅವಳು ದೇವಕ್ಕನ ಮುಖ ನೋಡಿದಳು. "ಅವತ್ತು ಒಂದ್ ಚೂರು ಬೆಲ್ಲ ಇಕ್ಕಿದ್ರೆ ಉಳೀತಿದ್ಲಾ?"

ಗೊತ್ತಿಲ್ಲ ಅಂದಿದ್ದರೆ ಆ ಮುದುಕಿಗೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತೇನೋ. ಬೀಗದ ಕೈಯೂ ವಾಪಸು ಸಿಗುತ್ತಿತ್ತೇನೋ. ದೇವಕ್ಕ ಅವಳ ಪಕ್ಕದಲ್ಲಿ ಕುಳಿತಳು. ಎರಡು ತಿಂಗಳು ಸುಳ್ಳು ಹೇಳಿ ಅವಳಿಗೆ ಸಾಕಾಗಿತ್ತು.

"ಉಳೀತಿದ್ಲು ಅನಸ್ತದ್ರಿ ಅಮ್ಮ."

ಕೃಷ್ಣಮ್ಮ ತಲೆಯಾಡಿಸಿದಳು. ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಳು.

"ಆ ಬೇಗೂರ್ ಉಡುಗಿ ನಂಬರ್ ಐತಾ ನಿನ್ತಾವ?" ಅಂತ ಕೇಳಿದಳು ಕೊನೆಗೆ. "ಸತ್ತೋಗಿರೋರ್ನೂ ಎಣಿಸ್ತಾರಾ ಅಂತ ಕೇಳು."

ದೇವಕ್ಕ ಫೋನು ಹಚ್ಚಿದಳು. ಅತ್ತಲಿಂದ ಮಂಜುಶ್ರೀ ಹಲೋ ಅಂದಳು. ಆ ಮಾತು ತಾನು ಕೇಳುವಂಥದ್ದಲ್ಲ ಅನ್ನಿಸಿತು ದೇವಕ್ಕನಿಗೆ. ಫೋನನ್ನು ಕೃಷ್ಣಮ್ಮನ ಕೈಗೆ ಕೊಟ್ಟಳು.